ಮೆರಿಲಿ ವಿ ರೋಲ್ ಅಲಾಂಗ್

ಅಮೆರಿಕದ ಒಂದು ಸಂಗೀತ ನಾಟಕ (ಮ್ಯೂಸಿಕಲ್). ಹಾಡು ಮತ್ತು ಸಂಗೀತ ಸ್ಟೀಫನ್ ಸಾಂಡ್‌ಹೈಮ್ (1930–2021) ಅವರದು, ನಾಟಕಪಾಠ ಜಾರ್ಜ್ ಫರ್ತ್ (1932–2008) ಅವರದು. ಹೆರಾಲ್ಡ್ ಪ್ರಿನ್ಸ್ (1928–2019) ಅವರ ನಿರ್ದೇಶನದಲ್ಲಿ 1981ರ ನವೆಂಬರ್ 16ರಂದು ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಉದ್ಘಾಟನೆಯಾಯಿತು. ಅದೇ ತಿಂಗಳ 28ಕ್ಕೆ, ಕೇವಲ 16 ಪ್ರದರ್ಶನ ಕಂಡು ಪರದೆ ಎಳೆದುಕೊಂಡಿತು. ಇಷ್ಟು ಬೇಗ ಮಕಾಡೆ ಮಲಗಿದ ನಾಟಕಗಳು ಬ್ರಾಡ್‌ವೇಯ ಚರಿತ್ರೆಯಲ್ಲಿ ನೂರಾರಿವೆ. ಅವುಗಳಲ್ಲಿ ಬಹುಪಾಲಿನ ಹೆಸರೂ ಇಂದು ಯಾರಿಗೂ ನೆನಪಿಲ್ಲ. ಇದು ಮಾತ್ರ ನಾಲ್ಕು ದಶಕಗಳ ಕಾಲ ಅಭಿಮಾನಿಗಳ ಕಿವಿಯಲ್ಲಿ ಉಳಿದು, ಸಣ್ಣ ರಂಗಮಂದಿರಗಳಲ್ಲಿ ಮತ್ತೆ ಮತ್ತೆ ಆಡಿಸಿಕೊಂಡು, 2023ರಲ್ಲಿ ಬ್ರಾಡ್‌ವೇಗೇ ಮರಳಿತು. ಮರುವರ್ಷ ಶ್ರೇಷ್ಠ ಮರುಪ್ರಯೋಗಕ್ಕೆ ಕೊಡುವ ಟೋನಿ ಪ್ರಶಸ್ತಿಯನ್ನೂ ಪಡೆಯಿತು.

ಕಥೆ

ಕಥೆ ಹಿಂದುಹಿಂದಕ್ಕೆ ನಡೆಯುತ್ತದೆ. ಈಗ ಆಡುವ ಪಾಠದ ಪ್ರಕಾರ ಆರಂಭ 1976ರಲ್ಲಿ, ಹಾಲಿವುಡ್ ನಿರ್ಮಾಪಕ ಫ್ರಾಂಕ್ಲಿನ್ ಶೆಪರ್ಡನ ಮನೆಯ ಪಾರ್ಟಿಯಲ್ಲಿ. ಹಣ, ಹೆಸರು ಎರಡೂ ಇವೆ. ಒಂದು ಕಾಲಕ್ಕೆ ಆತ ಒಳ್ಳೆಯ ಸಂಗೀತ ಸಂಯೋಜಕನಾಗಿದ್ದ ಎಂಬುದು ಅಲ್ಲಿದ್ದವರಿಗೆ ಮರೆತೇಹೋಗಿದೆ. ಹಳೆಯ ಗೆಳತಿ ಮೇರಿ ಕಂಠಮಟ್ಟ ಕುಡಿದು ಎಲ್ಲರ ಮುಂದೆ ಕಟಕಿಯಾಡುತ್ತಾಳೆ. ಹಾಡು ಬರೆದುಕೊಡುತ್ತಿದ್ದ ಗೆಳೆಯ ಚಾರ್ಲಿಯ ಹೆಸರನ್ನು ಆ ಮನೆಯಲ್ಲಿ ಎತ್ತುವಂತಿಲ್ಲ. ಅಲ್ಲಿಂದ ದೃಶ್ಯ ದೃಶ್ಯಕ್ಕೂ ಕಾಲ ಹಿಂದೆ ಸರಿಯುತ್ತದೆ. 1973ರಲ್ಲಿ ದೂರದರ್ಶನದ ನೇರ ಸಂದರ್ಶನದಲ್ಲಿ ಚಾರ್ಲಿ ತಾಳ್ಮೆ ಕಳೆದುಕೊಂಡು ಗೆಳೆಯನ ದುಡ್ಡಿನ ಹುಚ್ಚನ್ನು ಬಯಲಿಗೆಳೆಯುತ್ತಾನೆ. ಅದಕ್ಕೂ ಹಿಂದೆ ಫ್ರಾಂಕ್ ಮತ್ತು ಅವನ ಹೆಂಡತಿ ಬೆತ್‌ರ ವಿಚ್ಛೇದನ, ಇನ್ನೂ ಹಿಂದೆ ಗೆಳೆಯರ ಮೊದಲ ಗೆಲುವು, ಅದಕ್ಕೂ ಹಿಂದೆ ಮದುವೆ. ಕೊನೆಗೆ 1957ರ ಅಕ್ಟೋಬರಿನ ಒಂದು ಬೆಳಗಿನ ಜಾವ: ನ್ಯೂಯಾರ್ಕಿನ ಒಂದು ಮನೆಯ ತಾರಸಿಯ ಮೇಲೆ ಫ್ರಾಂಕ್, ಚಾರ್ಲಿ ಮತ್ತು ಅವರಿಗೆ ಆಗಷ್ಟೇ ಪರಿಚಯವಾದ ಮೇರಿ, ಆಕಾಶದಲ್ಲಿ ಹಾದುಹೋಗುವ ಸ್ಪುಟ್ನಿಕ್‌ಗಾಗಿ ಕಾಯುತ್ತಾರೆ. ಅವರಿಗೆ ಜಗತ್ತು ಈಗ ತೆರೆಯುತ್ತಿದೆ. ಮುಂದೇನಾಗುತ್ತದೆಂದು ಪ್ರೇಕ್ಷಕರಿಗೆ ಗೊತ್ತು, ಅವರಿಗೆ ಗೊತ್ತಿಲ್ಲ. ನಾಟಕ ಮುಗಿಯುವ ಹೊತ್ತಿಗೆ ಸಭಾಂಗಣದಲ್ಲಿ ಮೂಗೊರೆಸಿಕೊಳ್ಳುವ ಸದ್ದು ಕೇಳಿಸುವುದು ವೇದಿಕೆಯ ಮೇಲೆ ದುಃಖವಿದೆ ಎಂದಲ್ಲ. ಅಲ್ಲಿರುವುದು ಬರೀ ಸಂತೋಷ ಎಂಬುದಕ್ಕೇ.

ಈ ಕಟ್ಟು ಸಾಂಡ್‌ಹೈಮ್ ಮತ್ತು ಫರ್ತ್ ಕಂಡುಹಿಡಿದದ್ದಲ್ಲ. ಜಾರ್ಜ್ ಎಸ್. ಕಾಫ್ಮನ್ ಮತ್ತು ಮಾಸ್ ಹಾರ್ಟ್ ಇದೇ ಹೆಸರಿನ ಗದ್ಯನಾಟಕವನ್ನು 1934ರಲ್ಲಿ ಬರೆದಿದ್ದರು. ಅದೂ ಹಿಂದುಮುಂದಾಗಿಯೇ ಸಾಗುತ್ತಿತ್ತು. ಅದು 155 ಪ್ರದರ್ಶನ ಕಂಡಿತಾದರೂ, ಆ ಜೋಡಿಯ ದೊಡ್ಡ ನಾಟಕಗಳ ಸಾಲಿಗೆ ಸೇರಲಿಲ್ಲ. ಅದರ ನಾಯಕ ಒಬ್ಬ ನಾಟಕಕಾರ. ಮ್ಯೂಸಿಕಲ್‌ನಲ್ಲಿ ಅವನು ಸಂಗೀತಗಾರನಾದ.

1981ರ ಸೋಲು

ಸಾಂಡ್‌ಹೈಮ್ ಮತ್ತು ಪ್ರಿನ್ಸ್ 1970ರ ದಶಕದ ಬ್ರಾಡ್‌ವೇಯ ದಿಕ್ಕನ್ನೇ ಬದಲಿಸಿದ ಜೋಡಿ. ‘ಕಂಪನಿ’ (1970), ‘ಫಾಲೀಸ್’ (1971), ‘ಎ ಲಿಟಲ್ ನೈಟ್ ಮ್ಯೂಸಿಕ್’ (1973), ‘ಪೆಸಿಫಿಕ್ ಓವರ್ಚರ್ಸ್’ (1976), ‘ಸ್ವೀನಿ ಟಾಡ್’ (1979) — ಹತ್ತು ವರ್ಷಗಳೊಳಗೆ ಐದು ನಾಟಕಗಳು. ಇವೆಲ್ಲವೂ ಹಣ ತರಲಿಲ್ಲ, ಆದರೆ ಪ್ರತಿಯೊಂದೂ ಸುದ್ದಿಯಾಯಿತು. ಇಬ್ಬರೂ ಐವತ್ತರ ಆಸುಪಾಸಿನಲ್ಲಿದ್ದಾಗ, ಹದಿಹರೆಯದವರ ಬಗ್ಗೆ ಒಂದು ನಾಟಕ ಮಾಡಬಾರದೇಕೆ ಎಂದು ಸೂಚಿಸಿದವರು ಪ್ರಿನ್ಸ್‌ರ ಪತ್ನಿ ಜೂಡಿ. ಪ್ರಿನ್ಸ್‌ಗೆ ನೆನಪಾದದ್ದು ಕಾಫ್ಮನ್–ಹಾರ್ಟರ ಹಳೆಯ ನಾಟಕ. ಹದಿನಾರರಿಂದ ಇಪ್ಪತ್ತೈದರ ಒಳಗಿನ ಹುಡುಗ ಹುಡುಗಿಯರೇ ನಡುವಯಸ್ಸಿನ ಸೋತ ಜನರಾಗಿ ಆರಂಭಿಸಿ, ಕೊನೆಗೆ ತಮ್ಮದೇ ವಯಸ್ಸಿಗೆ ಬಂದು ನಿಲ್ಲಬೇಕು. ಇದು ಅವರ ಆಲೋಚನೆ. ಕಾಗದದ ಮೇಲೆ ಇದಕ್ಕಿಂತ ಚೆಂದದ ಉಪಾಯ ಇನ್ನೊಂದಿಲ್ಲ.

ರಂಗದ ಮೇಲೆ ಎಲ್ಲವೂ ಅಡಿಮೇಲಾಯಿತು. ಬ್ರಾಡ್‌ವೇಗೆ ಬರುವ ಮುನ್ನ ಬೇರೆ ಊರಿನಲ್ಲಿ ಆಡಿ ತಿದ್ದಿಕೊಳ್ಳುವ ವಾಡಿಕೆಯನ್ನು ಈ ಬಾರಿ ಕೈಬಿಟ್ಟಿದ್ದರು. ನೇರವಾಗಿ ನ್ಯೂಯಾರ್ಕಿನ ಆಲ್ವಿನ್ ಥಿಯೇಟರಿನಲ್ಲೇ (ಇಂದಿನ ನೀಲ್ ಸೈಮನ್ ಥಿಯೇಟರ್) ಟಿಕೆಟ್ ಇಟ್ಟು ಪ್ರೀವ್ಯೂ ಪ್ರದರ್ಶನಗಳನ್ನು ಶುರುಮಾಡಿದರು. ನಾಟಕ ಕುಂಟುತ್ತಿದೆ ಎಂಬ ಮಾತು ಊರಿಗೆಲ್ಲ ಹಬ್ಬಲು ಅದೇ ಸಾಕಾಯಿತು. ಇಪ್ಪತ್ತರ ಹುಡುಗ ನಲವತ್ತರವನಾಗಿ ಬಂದು ಆಮೇಲೆ ಚಿಕ್ಕವನಾಗುತ್ತಾ ಹೋದರೆ, ಯಾರು ಯಾರ ಹೆಂಡತಿ, ಯಾರು ಯಾರ ಗೆಳೆಯ ಎಂಬುದೇ ಜನರಿಗೆ ತಿಳಿಯಲಿಲ್ಲ. ಪ್ರೇಕ್ಷಕರು ಮಧ್ಯೆಯೇ ಎದ್ದು ಹೋಗತೊಡಗಿದರು. ಹೊಲಿಸಿದ್ದ ಉಡುಪುಗಳನ್ನೆಲ್ಲ ಬದಿಗಿಟ್ಟು, ಪಾತ್ರದ ಹೆಸರನ್ನೋ ಸಂಬಂಧವನ್ನೋ ಎದೆಯ ಮೇಲೆ ಅಚ್ಚುಹಾಕಿದ ಅಂಗಿಗಳನ್ನು ನಟರಿಗೆ ತೊಡಿಸಿದರು. ಫ್ರಾಂಕ್ಲಿನ್ ಪಾತ್ರದ ನಟ ಬದಲಾದ, ಆ ಜಾಗಕ್ಕೆ ಜಿಮ್ ವಾಲ್ಟನ್ ಬಂದರು. ನೃತ್ಯ ನಿರ್ದೇಶಕ ರಾನ್ ಫೀಲ್ಡ್ ಹೋಗಿ ಲ್ಯಾರಿ ಫುಲ್ಲರ್ ಬಂದರು. ಯೂಜೀನ್ ಲೀ ಕಟ್ಟಿದ್ದ ರಂಗಸಜ್ಜಿಕೆ ಶಾಲೆಯ ವ್ಯಾಯಾಮಶಾಲೆಯಂತಿತ್ತು. ಅದು ಯಾರಿಗೂ ರುಚಿಸಲಿಲ್ಲ. ಖಾಲಿ ರಂಗ, ಬಟ್ಟೆ ತೂಗುಹಾಕಿದ ನಾಲ್ಕು ಸ್ಟ್ಯಾಂಡು ಇದ್ದರೆ ಸಾಕಿತ್ತು, ಬ್ರಾಡ್‌ವೇ ದರಕ್ಕೆ ಹಾಗೆ ತೋರಿಸಲು ಧೈರ್ಯ ಬರಲಿಲ್ಲ ಎಂದು ಪ್ರಿನ್ಸ್ ಮುಂದೆ ಹೇಳಿಕೊಂಡಿದ್ದಾರೆ. ಈ ನಾಟಕವನ್ನು ಬಲ್ಲವರಿಗೆ ಅವರ ಆ ಮಾತು ಎಲ್ಲ ವಿಮರ್ಶೆಗಿಂತ ಹೆಚ್ಚು ನಾಟುತ್ತದೆ.

ಉದ್ಘಾಟನೆಯ ಹೊತ್ತಿಗೆ ನಾಟಕ ಎಷ್ಟೋ ಸುಧಾರಿಸಿತ್ತು ಎಂದು ತಂಡದವರು ಹೇಳುತ್ತಾರೆ. ಅದರಿಂದ ಪ್ರಯೋಜನವಾಗಲಿಲ್ಲ. ‘ನ್ಯೂಯಾರ್ಕ್ ಟೈಮ್ಸ್’ನ ಫ್ರಾಂಕ್ ರಿಚ್, ಸಾಂಡ್‌ಹೈಮ್‌ರ ಅಭಿಮಾನಿಯಾಗುವುದೆಂದರೆ ಆಗಾಗ ಎದೆಯೊಡೆಸಿಕೊಳ್ಳುವುದು ಎಂಬ ಅರ್ಥದಲ್ಲಿ ತಮ್ಮ ವಿಮರ್ಶೆಯನ್ನು ಆರಂಭಿಸಿದರು. ಅವರು ಹಾಡುಗಳನ್ನು ಮೆಚ್ಚಿ ನಾಟಕವನ್ನು ತಳ್ಳಿಹಾಕಿದರು. ‘ನ್ಯೂಯಾರ್ಕ್ ಪೋಸ್ಟ್’ನ ಕ್ಲೈವ್ ಬಾರ್ನ್ಸ್ ಗಾಳಿಸುದ್ದಿಗೆ ಕಿವಿಗೊಡದೆ ಹೋಗಿ ನೋಡಿ ಎಂದು ಬರೆದರೂ ಹೊತ್ತು ಮೀರಿತ್ತು. ಎರಡು ವಾರ ತುಂಬುವುದರೊಳಗೆ ನಾಟಕ ನಿಂತಿತು. ಸಾಂಡ್‌ಹೈಮ್–ಪ್ರಿನ್ಸ್ ಜೋಡಿಯೂ ಅಲ್ಲಿಗೇ ಬೇರೆಯಾಯಿತು. ಮತ್ತೆ ಅವರು ಒಂದು ಹೊಸ ನಾಟಕಕ್ಕಾಗಿ ಕೂಡಿದ್ದು 2003ರ ‘ಬೌನ್ಸ್’ನಲ್ಲಿ. ಗೆಳೆತನ ಮುರಿಯುವ ಕಥೆ ಆಡಿಸಹೊರಟವರ ಪಾಲುಗಾರಿಕೆಯೇ ಮುರಿದುಬಿದ್ದದ್ದನ್ನು ಅಭಿಮಾನಿಗಳು ಇಂದಿಗೂ ಹೇಳಿಕೊಳ್ಳುತ್ತಾರೆ. ಆದರೆ ಇಬ್ಬರ ಸ್ನೇಹ ಕೊನೆಯವರೆಗೂ ಉಳಿದಿತ್ತೆಂಬುದನ್ನೂ ಜೊತೆಗೆ ಹೇಳಬೇಕು.

ಒಂದು ರೆಕಾರ್ಡು

ನಾಟಕ ನಿಂತ ಮರುದಿನ ಯಾವ ತಂಡವಾದರೂ ಗಂಟುಮೂಟೆ ಕಟ್ಟುತ್ತದೆ. ಈ ತಂಡ ಆರ್‌ಸಿಎ ಕಂಪನಿಯ ಸ್ಟುಡಿಯೋಗೆ ಹೋಯಿತು. ನಿರ್ಮಾಪಕ ಥಾಮಸ್ ಝೆಡ್. ಶೆಪರ್ಡ್ ಒಪ್ಪಂದದಿಂದ ಹಿಂದೆ ಸರಿಯಲಿಲ್ಲ. ಹಿಂದಿನ ರಾತ್ರಿಯಷ್ಟೇ ಅತ್ತು ಬೀಳ್ಕೊಂಡಿದ್ದ ಎಳೆಯರು ಮೈಕಿನ ಮುಂದೆ ನಿಂತು ನಾಟಕವಿಡೀ ಮತ್ತೊಮ್ಮೆ ಹಾಡಿದರು. ಜೊನಾಥನ್ ಟ್ಯೂನಿಕ್ ವಾದ್ಯಮೇಳಕ್ಕೆ ಅಳವಡಿಸಿದ ಆರಂಭದ ‘ಓವರ್ಚರ್’, ತುತ್ತೂರಿಗಳ ಆ ಸಡಗರ, ಆ ರೆಕಾರ್ಡಿನಲ್ಲಿ ಕೇಳಿದಷ್ಟು ಚೆನ್ನಾಗಿ ಮುಂದೆ ಎಲ್ಲಿಯೂ ಕೇಳಿಬಂದಿಲ್ಲ ಎಂಬುದು ಹಲವರ ಅಭಿಪ್ರಾಯ, ಈ ಲೇಖಕರದ್ದೂ ಅದೇ.

ಈ ನಾಟಕದ ಅಭಿಮಾನ ಹುಟ್ಟಿದ್ದು ಈ ರೆಕಾರ್ಡಿನಿಂದ. ಹದಿನಾರು ಪ್ರದರ್ಶನ ನೋಡಿದವರು ಎಷ್ಟು ಸಾವಿರ ಇದ್ದಾರು? ನೋಡದವರೇ ಇದರ ನಿಜವಾದ ಪ್ರೇಕ್ಷಕರು. ರೆಕಾರ್ಡು ಕೇಳುವವನಿಗೆ ಎದೆಯ ಮೇಲಿನ ಅಕ್ಷರಗಳು ಕಾಣುವುದಿಲ್ಲ, ವ್ಯಾಯಾಮಶಾಲೆ ಕಾಣುವುದಿಲ್ಲ, ಮಧ್ಯದಲ್ಲಿ ಎದ್ದು ಹೋಗುವವರೂ ಕಾಣುವುದಿಲ್ಲ. ಕೇಳಿಸುವುದು ಹಾಡು ಮಾತ್ರ, ಅದೂ ಸೋತದ್ದನ್ನು ಅರಿತೂ ಹಾಡುತ್ತಿರುವ ಇಪ್ಪತ್ತರ ಗಂಟಲುಗಳಲ್ಲಿ. ಕಾಲೇಜಿನ ಹಾಸ್ಟೆಲುಗಳಲ್ಲಿ, ನಾಟಕದ ಶಾಲೆಗಳಲ್ಲಿ ಅದು ಕೈಯಿಂದ ಕೈಗೆ ದಾಟಿತು. ‘ನಾಟ್ ಎ ಡೇ ಗೋಸ್ ಬೈ’, ‘ಗುಡ್ ಥಿಂಗ್ ಗೋಯಿಂಗ್’ ಹಾಡುಗಳು ನಾಟಕದ ಹಂಗು ತೊರೆದು ಬೆಳೆದವು. ಎರಡನೆಯದನ್ನು ಫ್ರಾಂಕ್ ಸಿನಾಟ್ರಾ ಅದೇ 1981ರಲ್ಲಿ ಧ್ವನಿಮುದ್ರಿಸಿದ್ದರು, ಮೊದಲನೆಯದನ್ನು ಕಾರ್ಲಿ ಸೈಮನ್ ಮತ್ತು ಬರ್ನಡೆಟ್ ಪೀಟರ್ಸ್ ಹಾಡಿದ್ದಾರೆ. ‘ಓಲ್ಡ್ ಫ್ರೆಂಡ್ಸ್’ ಸಾಂಡ್‌ಹೈಮ್ ಗೌರವಾರ್ಥ ಕಾರ್ಯಕ್ರಮಗಳಲ್ಲಿ ಮಂಗಳಗೀತೆಯಂತಾಗಿಬಿಟ್ಟಿದೆ. ಈ ನಾಟಕದ ಸಂಗೀತಕ್ಕೆ ಟೋನಿ ನಾಮನಿರ್ದೇಶನವೂ ಸಿಕ್ಕಿತ್ತು. ಆ ವರ್ಷ ಪ್ರಶಸ್ತಿ ‘ನೈನ್’ ಪಾಲಾಯಿತು.

ಮತ್ತೆ ಮತ್ತೆ ಕೇಳಿದವರಿಗಷ್ಟೇ ಸಿಗುವ ಒಂದು ಸುಖವೂ ಈ ಹಾಡುಗಳಲ್ಲಿದೆ. ಸಾಮಾನ್ಯವಾಗಿ ಮ್ಯೂಸಿಕಲ್‌ನಲ್ಲಿ ಹಾಡು ಮೊದಲು ಪೂರ್ತಿಯಾಗಿ ಬಂದು, ಮುಂದೆ ಅದರ ತುಣುಕು ನೆನಪಾಗಿ ಮರುಕಳಿಸುತ್ತದೆ. ಕಾಲ ಹಿಂದಕ್ಕೆ ಓಡುವ ಈ ನಾಟಕದಲ್ಲಿ ನೆನಪೇ ಮೊದಲು ಬರುತ್ತದೆ, ಮೂಲ ಆಮೇಲೆ. ‘ನಾಟ್ ಎ ಡೇ ಗೋಸ್ ಬೈ’ ಮೊದಲ ಸಲ ಕೇಳುವುದು ವಿಚ್ಛೇದನದ ದಿನ, ಕಹಿಯಾಗಿ. ಎರಡನೆಯ ಅಂಕದಲ್ಲಿ ಅದೇ ಸ್ವರ, ಹೆಚ್ಚುಕಡಿಮೆ ಅದೇ ಮಾತು, ಮದುವೆಯ ಪ್ರತಿಜ್ಞೆಯಾಗಿ ಬರುತ್ತದೆ. ವಧೂವರರ ಜೊತೆಗೆ ಬದಿಯಲ್ಲಿ ನಿಂತ ಮೇರಿಯೂ ದನಿಗೂಡಿಸುತ್ತಾಳೆ, ಫ್ರಾಂಕ್‌ನ ಮೇಲಿನ ತನ್ನ ಪ್ರೀತಿಯನ್ನು ಯಾರಿಗೂ ಹೇಳಿಕೊಳ್ಳದೆ. ‘ಗುಡ್ ಥಿಂಗ್ ಗೋಯಿಂಗ್’ ಗೆಳೆಯರ ಮೊದಲ ಜನಪ್ರಿಯ ಹಾಡು. ಅದೇ ಧಾಟಿ ಎಳೆಯ ದಿನಗಳ ದೃಶ್ಯದಲ್ಲಿ ಬೇರೆ ಮಾತು ಹೊತ್ತು, ಇನ್ನೂ ಹದಕ್ಕೆ ಬರದ ಕರಡಾಗಿ ಕಾಣಿಸುತ್ತದೆ. ಆ ದೃಶ್ಯದ ಹಾಡು ‘ಓಪನಿಂಗ್ ಡೋರ್ಸ್’. ತಾವು ಬರೆದದ್ದರಲ್ಲಿ ಆತ್ಮಕಥೆ ಎನ್ನಬಹುದಾದದ್ದು ಇದೊಂದೇ ಎಂದು ಸಾಂಡ್‌ಹೈಮ್ ಹೇಳುತ್ತಿದ್ದರು. ಟೈಪ್‌ರೈಟರಿನ ಟಕಟಕ, ಪಿಯಾನೋ, ಟೆಲಿಫೋನುಗಳ ನಡುವೆ ಮೂವರು ಎರಡು ವರ್ಷ ಅಲೆದಾಡುತ್ತಾರೆ. ಗುನುಗಲು ಬರುವಂಥ ಧಾಟಿ ಇದರಲ್ಲೆಲ್ಲಿದೆ ಎಂದು ಒಬ್ಬ ನಿರ್ಮಾಪಕ ಗೊಣಗುತ್ತಾನೆ. ಜೀವಮಾನವಿಡೀ ಆ ದೂರು ಕೇಳಿಸಿಕೊಂಡ ಸಂಗೀತಗಾರ ಅದನ್ನು ಹಾಡಾಗಿಸಿ ಸೇಡು ತೀರಿಸಿಕೊಂಡಿದ್ದಾರೆ.

ರಿಪೇರಿ

ಸೋತ ನಾಟಕವನ್ನು ಬರೆದವರೇ ಇಷ್ಟು ವರ್ಷ ಕೈಬಿಡದೆ ತಿದ್ದಿದ ಉದಾಹರಣೆ ಅಪರೂಪ. 1985ರಲ್ಲಿ ಕ್ಯಾಲಿಫೋರ್ನಿಯದ ಲಾ ಹೋಯಾ ಪ್ಲೇಹೌಸಿನಲ್ಲಿ ಜೇಮ್ಸ್ ಲಪೈನ್ ನಿರ್ದೇಶಿಸಿದ ಪ್ರಯೋಗ ದೊಡ್ಡ ತಿರುವು. ಸಾಂಡ್‌ಹೈಮ್‌ಗೆ ‘ಸಂಡೇ ಇನ್ ದಿ ಪಾರ್ಕ್ ವಿತ್ ಜಾರ್ಜ್’ (1984) ಮೂಲಕ ಹೊಸ ಜೋಡಿಯಾಗಿ ದೊರೆತವರು ಲಪೈನ್. ಎಳೆಯರ ಬದಲು ಬೆಳೆದ ನಟರು ಬಂದರು. 1981ರ ಪಾಠದಲ್ಲಿ ಕಥೆಯನ್ನು ಸುತ್ತುವರಿದಿದ್ದ ಶಾಲೆಯ ಘಟಿಕೋತ್ಸವದ ಚೌಕಟ್ಟು, ಅದರ ‘ದಿ ಹಿಲ್ಸ್ ಆಫ್ ಟುಮಾರೋ’ ಹಾಡು ಎರಡೂ ಹೋದವು. ಆರಂಭದ ಪಾರ್ಟಿಯ ‘ರಿಚ್ ಅಂಡ್ ಹ್ಯಾಪಿ’ ಜಾಗಕ್ಕೆ ‘ದಟ್ ಫ್ರಾಂಕ್’ ಬಂತು. ಫ್ರಾಂಕ್ ಒಬ್ಬನೇ ಪಿಯಾನೋ ಮುಂದೆ ಕೂತು ಯೋಚಿಸುವ ‘ಗ್ರೋಯಿಂಗ್ ಅಪ್’ ಹೊಸದಾಗಿ ಸೇರಿತು. ಅಲ್ಲಿಯವರೆಗೆ ಬರೀ ಅವಕಾಶವಾದಿಯಾಗಿದ್ದವನಿಗೆ ಒಳಗೊಂದು ಮನಸ್ಸು ಸಿಕ್ಕಿತು. 1990ರಲ್ಲಿ ವಾಷಿಂಗ್ಟನ್ನಿನ ಅರೀನಾ ಸ್ಟೇಜ್, 1992ರಲ್ಲಿ ಇಂಗ್ಲೆಂಡಿನ ಲೆಸ್ಟರ್, 1994ರಲ್ಲಿ ನ್ಯೂಯಾರ್ಕಿನ ಯಾರ್ಕ್ ಥಿಯೇಟರ್ — ಪ್ರತಿ ಬಾರಿಯೂ ಒಂದಿಷ್ಟು ತಿದ್ದುಪಡಿ ಆಯಿತು, ಪ್ರತಿ ಬಾರಿಯೂ ಕೊನೆಗೂ ಸರಿಹೋಯಿತು ಎಂದು ಯಾರಾದರೂ ಘೋಷಿಸಿದರು. ಅಭಿಮಾನಿಗಳ ನಡುವೆ ಇದೇ ಒಂದು ತಮಾಷೆಯಾಯಿತು.

ನಾಟಕಕ್ಕೆ ಮೊದಲು ದೊಡ್ಡ ಮನ್ನಣೆ ಕೊಟ್ಟದ್ದು ಲಂಡನ್. 2000ದಲ್ಲಿ ಡಾನ್ಮಾರ್ ವೇರ್‌ಹೌಸ್ ಎಂಬ ಪುಟ್ಟ ರಂಗಮಂದಿರದಲ್ಲಿ ಮೈಕೆಲ್ ಗ್ರಾಂಡೇಜ್ ಇದನ್ನು ಆಡಿಸಿದರು. 2001ರ ಒಲಿವಿಯರ್ ಪ್ರಶಸ್ತಿಗಳಲ್ಲಿ ಇದಕ್ಕೆ ಸಂದದ್ದು ಶ್ರೇಷ್ಠ ಹೊಸ ಮ್ಯೂಸಿಕಲ್ ಎಂಬ ಬಹುಮಾನ! ಚಾರ್ಲಿಯಾದ ಡೇನಿಯಲ್ ಎವಾನ್ಸ್, ಮೇರಿಯಾದ ಸಮಂತಾ ಸ್ಪೈರೋ ಇಬ್ಬರೂ ಪ್ರಶಸ್ತಿ ಪಡೆದರು. ಇಪ್ಪತ್ತು ವರ್ಷ ಹಳೆಯ ನಾಟಕ ಅಲ್ಲಿನವರಿಗೆ ಹೊಸದಾಗಿಯೇ ಕಂಡಿತು. ನ್ಯೂಯಾರ್ಕಿನ ಸೋಲಿನ ನೆನಪು ಅವರಿಗಿರಲಿಲ್ಲವಷ್ಟೆ. ಮುಂದಿನ ವರ್ಷಗಳ ಪ್ರಯೋಗಗಳಲ್ಲಿ ಹೆಸರಿಸಬೇಕಾದವು 2002ರಲ್ಲಿ ವಾಷಿಂಗ್ಟನ್ನಿನ ಕೆನಡಿ ಸೆಂಟರ್ ನಡೆಸಿದ ಸಾಂಡ್‌ಹೈಮ್ ಉತ್ಸವದ್ದು, ಮತ್ತು 2012ರಲ್ಲಿ ನ್ಯೂಯಾರ್ಕಿನ ‘ಎನ್‌ಕೋರ್ಸ್’ ಸರಣಿಯದು. ಎರಡನೆಯದರಲ್ಲಿ ಚಾರ್ಲಿಯಾಗಿ ಹಾಡಿದವರು ಲಿನ್-ಮ್ಯಾನುಯೆಲ್ ಮಿರಾಂಡ. ಅವರಿಗೆ ಹೆಸರು ತಂದ ‘ಹ್ಯಾಮಿಲ್ಟನ್’ ಮ್ಯೂಸಿಕಲ್ ಬರಲು ಆಗ ಇನ್ನೂ ಮೂರು ವರ್ಷ ಬಾಕಿ ಇತ್ತು.

ಫ್ರೀಡ್‌ಮನ್ ಪ್ರಯೋಗ

1992ರ ಲೆಸ್ಟರ್ ಪ್ರಯೋಗದಲ್ಲಿ ಮೇರಿಯಾಗಿ ನಟಿಸಿದ್ದವರು ಮರಿಯಾ ಫ್ರೀಡ್‌ಮನ್. ಇಪ್ಪತ್ತು ವರ್ಷಗಳ ನಂತರ ಮೊದಲ ಬಾರಿ ನಿರ್ದೇಶನಕ್ಕೆ ಕೈಹಾಕಿದಾಗ ಅವರು ಆರಿಸಿಕೊಂಡದ್ದು ಇದನ್ನೇ. ಲಂಡನ್ನಿನ ಮೆನಿಯರ್ ಚಾಕೊಲೆಟ್ ಫ್ಯಾಕ್ಟರಿ ರಂಗಮಂದಿರದಲ್ಲಿ 2012ರಲ್ಲಿ ಆರಂಭವಾದ ಪ್ರಯೋಗ ಮರುವರ್ಷ ವೆಸ್ಟ್ ಎಂಡ್‌ನ ಹೆರಾಲ್ಡ್ ಪಿಂಟರ್ ಥಿಯೇಟರಿಗೆ ಹೋಯಿತು, ಚಿತ್ರೀಕರಣಗೊಂಡು ಸಿನಿಮಾ ಮಂದಿರಗಳಿಗೂ ಬಂತು, 2014ರಲ್ಲಿ ಶ್ರೇಷ್ಠ ಮರುಪ್ರಯೋಗದ ಒಲಿವಿಯರ್ ಪಡೆಯಿತು. ಫ್ರೀಡ್‌ಮನ್ ಹೊಸ ಪಾಠ ಬರೆಸಲಿಲ್ಲ, ತೂಕವನ್ನು ಬೇರೆ ಕಡೆ ಇಟ್ಟರು. ನಾಟಕದುದ್ದಕ್ಕೂ ನಾವು ನೋಡುತ್ತಿರುವುದು ಫ್ರಾಂಕ್ ತನ್ನ ಬಾಳನ್ನು ತಾನೇ ಹಿಂದಿರುಗಿ ನೋಡುತ್ತಿರುವುದನ್ನು. ಹಾಗಾದ ಕೂಡಲೇ ಹಿಂದುಮುಂದಾದ ಕಾಲ ಚಮತ್ಕಾರವಾಗಿ ಉಳಿಯದೆ ಪಶ್ಚಾತ್ತಾಪವಾಯಿತು.

ಈ ಪ್ರಯೋಗ ನ್ಯೂಯಾರ್ಕಿಗೆ ಬಂದದ್ದು 2022ರ ಕೊನೆಯಲ್ಲಿ, ಸುಮಾರು 200 ಆಸನಗಳ ನ್ಯೂಯಾರ್ಕ್ ಥಿಯೇಟರ್ ವರ್ಕ್‌ಶಾಪಿಗೆ. ಸಾಂಡ್‌ಹೈಮ್ ತೀರಿಕೊಂಡು ಒಂದು ವರ್ಷವಾಗಿತ್ತು. ಫ್ರಾಂಕ್ ಆಗಿ ಜೊನಾಥನ್ ಗ್ರಾಫ್, ಮೇರಿಯಾಗಿ ಲಿಂಡ್ಸೆ ಮೆಂಡೆಸ್, ಚಾರ್ಲಿಯಾಗಿ ‘ಹ್ಯಾರಿ ಪಾಟರ್’ ಖ್ಯಾತಿಯ ಡೇನಿಯಲ್ ರ‍್ಯಾಡ್‌ಕ್ಲಿಫ್. ಅಷ್ಟು ಚಿಕ್ಕ ಜಾಗಕ್ಕೆ ಟಿಕೆಟ್ ಸಿಗುವುದೇ ದುಸ್ತರವಾಯಿತು. 2023ರ ಅಕ್ಟೋಬರ್ 10ರಂದು ಬ್ರಾಡ್‌ವೇಯ ಹಡ್ಸನ್ ಥಿಯೇಟರಿನಲ್ಲಿ ಉದ್ಘಾಟನೆಯಾಗಿ 2024ರ ಜುಲೈ 7ರವರೆಗೆ ನಡೆಯಿತು. ಏಳು ಟೋನಿ ನಾಮನಿರ್ದೇಶನಗಳಲ್ಲಿ ನಾಲ್ಕು ಗೆದ್ದಿತು: ಮರುಪ್ರಯೋಗ, ಗ್ರಾಫ್, ರ‍್ಯಾಡ್‌ಕ್ಲಿಫ್, ಮತ್ತು ವಾದ್ಯಸಂಯೋಜನೆಗಾಗಿ ಟ್ಯೂನಿಕ್. 1981ರ ತಂಡದಲ್ಲಿದ್ದ ಟ್ಯೂನಿಕ್ ಅದೇ ಹಾಡುಗಳಿಗೆ ನಲವತ್ಮೂರು ವರ್ಷಗಳ ನಂತರ ವೇದಿಕೆ ಹತ್ತಿದರು. ಹಡ್ಸನ್‌ನಲ್ಲಿ ಚಿತ್ರೀಕರಿಸಿದ ಪ್ರದರ್ಶನ 2025ರ ಡಿಸೆಂಬರಿನಲ್ಲಿ ಚಿತ್ರಮಂದಿರಗಳಲ್ಲಿ ಬಿಡುಗಡೆಯಾಯಿತು.

ಗೆಲುವಿಗೆ ತಾರಾಬಲವೇ ಕಾರಣ ಎನ್ನುವವರಿದ್ದಾರೆ. ರ‍್ಯಾಡ್‌ಕ್ಲಿಫ್ ಹೆಸರು ಟಿಕೆಟ್ ಮಾರಿತು, ನಿಜ. ಆದರೆ ಸಂದರ್ಶನದ ದೃಶ್ಯದ ‘ಫ್ರಾಂಕ್ಲಿನ್ ಶೆಪರ್ಡ್, ಇಂಕ್.’ ಹಾಡು ನಗುವಿನಿಂದ ಹೊರಟು ಉಸಿರುಗಟ್ಟುವ ಸಿಟ್ಟಿಗೆ ಏರಬೇಕು. ಅದು ಹೆಸರಿನಿಂದ ಆಗುವ ಕೆಲಸವಲ್ಲ. ಮೂವತ್ತು ದಾಟಿದ ನಟರು ಎರಡೂ ದಿಕ್ಕಿಗೆ ವಯಸ್ಸನ್ನು ಎಳೆಯಬಲ್ಲರು ಎಂಬ ಸರಳ ಸತ್ಯವೂ ಇಲ್ಲಿ ಕೆಲಸ ಮಾಡಿತು. ಇಪ್ಪತ್ತರವನು ನಲವತ್ತಾಗಲಾರ, ನಲವತ್ತರವನು ಇಪ್ಪತ್ತಾಗಬಲ್ಲ, ಏಕೆಂದರೆ ಅವನು ಅಲ್ಲಿಗೆ ಹೋಗಿ ಬಂದಿದ್ದಾನೆ.

ಅಭಿಮಾನಿಗಳ ತಗಾದೆ

ಹೀಗೆ ಮಾನ್ಯತೆ ಸಿಕ್ಕ ಮೇಲೂ ಅಭಿಮಾನಿಗಳು ಒಂದಾಗಿಲ್ಲ. 1981ರ ರೆಕಾರ್ಡಿನಿಂದ ನಾಟಕವನ್ನು ಪ್ರೀತಿಸತೊಡಗಿದವರಿಗೆ ಘಟಿಕೋತ್ಸವದ ಹಾಡು ಕಿತ್ತುಹಾಕಿದ್ದು ಇಂದಿಗೂ ನೋವು. ಅದು ಕಥೆಯೊಳಗೆ ಫ್ರಾಂಕ್ ಮತ್ತು ಚಾರ್ಲಿ ಶಾಲೆಗಾಗಿ ಕಟ್ಟಿದ ಗೀತೆ. ಅದರ ಸ್ವರಗುಚ್ಛಗಳು ಬೇರೆ ಹಾಡುಗಳಲ್ಲೂ ಸುಳಿದಾಡುತ್ತವೆ. ಬೀಜ ತೆಗೆದು ಗಿಡ ಉಳಿಸಿಕೊಂಡಂತಾಯಿತು ಎನ್ನುವುದು ಅವರ ವಾದ. ‘ರಿಚ್ ಅಂಡ್ ಹ್ಯಾಪಿ’ಯ ಕೊಂಕು ‘ದಟ್ ಫ್ರಾಂಕ್’ನಲ್ಲಿ ಇಲ್ಲವೆಂಬುದು ಇನ್ನೊಂದು ದೂರು. ತಿದ್ದಿದ ಪಾಠದಿಂದ ಬಂದವರಿಗೆ ಇದೆಲ್ಲ ಹಳಹಳಿಕೆ. ಸಂಗೀತದ ಮಟ್ಟಿಗೆ ಹಳಬರ ಮಾತು ಸರಿ, ಕಥೆಯ ಮಟ್ಟಿಗೆ ಹೊಸಬರದ್ದು.

ಮೂಲ ತಂಡದ ನಟರಲ್ಲಿ ಜೇಸನ್ ಅಲೆಕ್ಸಾಂಡರ್, ಜಿಯಾನ್‌ಕಾರ್ಲೊ ಎಸ್ಪೊಸಿಟೊ ದೂರದರ್ಶನದ ಧಾರಾವಾಹಿಗಳಿಂದ ಜಗತ್ತಿಗೆಲ್ಲ ಪರಿಚಿತರಾದರು. ಟೋನ್ಯಾ ಪಿಂಕಿನ್ಸ್, ಲಿಜ್ ಕ್ಯಾಲವೇ ರಂಗಭೂಮಿಯಲ್ಲೇ ಬೆಳೆದರು. ಉಳಿದ ಕೆಲವರು ನಟನೆಯನ್ನೇ ಬಿಟ್ಟರು. 2002ರಲ್ಲಿ ಅವರೆಲ್ಲ ನ್ಯೂಯಾರ್ಕಿನಲ್ಲಿ ಕೂಡಿ ನಾಟಕವನ್ನು ಸಂಗೀತ ಕಛೇರಿಯಾಗಿ ಮತ್ತೆ ಹಾಡಿದರು. ಇಪ್ಪತ್ತರಲ್ಲಿ ನಲವತ್ತರವರಂತೆ ನಟಿಸಿದ್ದವರಿಗೆ ಆಗ ನಿಜವಾಗಿ ನಲವತ್ತಾಗಿತ್ತು. ಮೊದಲ ಚಾರ್ಲಿಯಾಗಿದ್ದ ಲಾನಿ ಪ್ರೈಸ್ ಮುಂದೆ ನಿರ್ದೇಶಕರಾದರು. 1981ರಲ್ಲಿ ಎಬಿಸಿ ವಾಹಿನಿ ತೆಗೆದು, ಪ್ರಸಾರವಾಗದೆ ಉಳಿದಿದ್ದ ತಾಲೀಮಿನ ದೃಶ್ಯಗಳನ್ನು ಹುಡುಕಿ ತೆಗೆದು ‘ಬೆಸ್ಟ್ ವರ್ಸ್ಟ್ ಥಿಂಗ್ ದಟ್ ಎವರ್ ಕುಡ್ ಹ್ಯಾವ್ ಹ್ಯಾಪನ್ಡ್’ (2016) ಸಾಕ್ಷ್ಯಚಿತ್ರ ಮಾಡಿದರು. ತನ್ನ ಜೀವನ ಎತ್ತ ಸಾಗುತ್ತದೆಂದು ಉತ್ಸಾಹದಿಂದ ಕ್ಯಾಮೆರಾಕ್ಕೆ ಹೇಳುತ್ತಿರುವ ಹುಡುಗನನ್ನು ಬೆಳೆದ ಅದೇ ಮನುಷ್ಯ ಕುಳಿತು ನೋಡುವುದು ಅದರಲ್ಲಿದೆ. ಗ್ರೆಟಾ ಗರ್ವಿಗ್‌ರ ‘ಲೇಡಿ ಬರ್ಡ್’ (2017) ಚಿತ್ರದಲ್ಲಿ ಶಾಲೆಯ ಮಕ್ಕಳು ಆಡುವ ನಾಟಕವೂ ಇದೇ. ಅಮೆರಿಕದ ಶಾಲೆಗಳ ರಂಗಮಂಚಕ್ಕೆ ಅದು ಎಷ್ಟು ಸಹಜವಾಗಿ ಇಳಿದಿತ್ತೆಂಬುದಕ್ಕೆ ಆ ದೃಶ್ಯ ಸಾಕ್ಷಿ.

ಸಿನಿಮಾ ರೂಪವೊಂದು ತಯಾರಾಗುತ್ತಿದೆ. ಒಂದೇ ಹುಡುಗ ಬೆಳೆಯುವುದನ್ನು ಹನ್ನೆರಡು ವರ್ಷ ಚಿತ್ರಿಸಿ ‘ಬಾಯ್‌ಹುಡ್’ (2014) ಮಾಡಿದ ರಿಚರ್ಡ್ ಲಿಂಕ್‌ಲೇಟರ್ 2019ರಲ್ಲಿ ಇದನ್ನು ಕೈಗೆತ್ತಿಕೊಂಡರು. ಪಾಲ್ ಮೆಸ್ಕಲ್, ಬೆನ್ ಪ್ಲ್ಯಾಟ್, ಬೀನಿ ಫೆಲ್ಡ್‌ಸ್ಟೀನ್ ಮೂವರು ಗೆಳೆಯರು. ಬಣ್ಣ ಬಳಿದು ವಯಸ್ಸು ತೋರಿಸುವುದಿಲ್ಲ, ನಟರಿಗೆ ನಿಜವಾಗಿ ವಯಸ್ಸಾಗಲಿ ಎಂದು ಸುಮಾರು ಇಪ್ಪತ್ತು ವರ್ಷ ಕಾದು ಚಿತ್ರೀಕರಿಸುವ ಯೋಜನೆ. ಆದ್ದರಿಂದ ಅವರು ಮೊದಲು ತೆಗೆಯುವುದು ಕಥೆಯ ಕೊನೆಯ ದೃಶ್ಯಗಳನ್ನು. ಪಾರ್ಟಿಯ ದೃಶ್ಯ, ಪ್ರೇಕ್ಷಕರು ಮೊಟ್ಟಮೊದಲು ನೋಡುವುದು, ಎಲ್ಲಕ್ಕೂ ಕೊನೆಗೆ ಚಿತ್ರಿತವಾಗಬೇಕಿದೆ.